ಹಬ್ಬ ಉಳಿದು ಭಾಷೆ ಹೋದಾಗ: ಎಳೆಯರ ತರಗತಿಯಲ್ಲಿ ಸಂಸ್ಕೃತಿಯ ಆಚರಣೆ

1968ರಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಒಂದೇ ಸಮುದಾಯಕ್ಕೆ ಹತ್ತಿರದ ಎರಡು ಶಾಸನಗಳಿಗೆ ಸಹಿ ಹಾಕಿದರು. ಜನವರಿಯಲ್ಲಿ ಬಂದದ್ದು ದ್ವಿಭಾಷಾ ಶಿಕ್ಷಣ ಕಾಯಿದೆ. ಮನೆಯಲ್ಲಿ ಇಂಗ್ಲಿಷ್ ಆಡದ ಮಕ್ಕಳ ಕಲಿಕೆಗೆ, ಅದರಲ್ಲೂ ಮುಖ್ಯವಾಗಿ ಸ್ಪ್ಯಾನಿಷ್ ಆಡುವ ಮಕ್ಕಳಿಗೆ, ಒಕ್ಕೂಟ ಸರಕಾರ ಮೊದಲ ಬಾರಿಗೆ ಹಣ ಕೊಡಲು ಒಪ್ಪಿದ್ದು ಇದರಲ್ಲಿ. ಸೆಪ್ಟೆಂಬರಿನಲ್ಲಿ ಬಂದದ್ದು ಹಿಸ್ಪಾನಿಕ್ ಪರಂಪರೆಯ ಸಪ್ತಾಹವನ್ನು ಘೋಷಿಸುವ ನಿರ್ಣಯ. ಈ ಸಪ್ತಾಹ 1988ರಲ್ಲಿ, ರೊನಾಲ್ಡ್ ರೇಗನ್ ಅವರ ಕಾಲದಲ್ಲಿ, ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗಿನ ಮಾಸಾಚರಣೆಯಾಗಿ ಬೆಳೆಯಿತು. ದ್ವಿಭಾಷಾ ಕಾಯಿದೆಯ ಗತಿ ಬೇರೆಯಾಯಿತು. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 227ನೆಯ ಪ್ರಸ್ತಾಪದ ಮೂಲಕ ತಮ್ಮ ರಾಜ್ಯದ ದ್ವಿಭಾಷಾ ತರಗತಿಗಳನ್ನು ಬಹುಮಟ್ಟಿಗೆ ಮುಚ್ಚಿಸಿದರು. 2000ದಲ್ಲಿ ಆರಿಜೋನಾ ಅದೇ ದಾರಿ ಹಿಡಿಯಿತು. 2002ರ ಹೊತ್ತಿಗೆ ಒಕ್ಕೂಟದ ಕಾಯಿದೆಯೂ ಇಲ್ಲವಾಗಿ, ಅದರ ಜಾಗದಲ್ಲಿ ಇಂಗ್ಲಿಷ್ ಕಲಿಕೆಯನ್ನೇ ಗುರಿಯಾಗಿಸಿಕೊಂಡ ಮತ್ತೊಂದು ವ್ಯವಸ್ಥೆ ಬಂದಿತ್ತು. ಕ್ಯಾಲಿಫೋರ್ನಿಯಾ 2016ರಲ್ಲಿ ತನ್ನ ನಿರ್ಧಾರವನ್ನು ಹಿಂದಕ್ಕೆ ಪಡೆಯಿತಾದರೂ ನಡುವಣ ಹದಿನೆಂಟು ವರುಷಗಳಲ್ಲಿ ಒಂದು ಇಡೀ ತಲೆಮಾರು ಶಾಲೆ ದಾಟಿ ಹೋಗಿತ್ತು. ಆ ಅವಧಿಯಲ್ಲಿಯೂ ಮಾಸಾಚರಣೆ ನಡೆದೇ ಇತ್ತು.

ಅವಳಿಗಳಂತೆ ಹುಟ್ಟಿದ ಈ ಎರಡರಲ್ಲಿ ಹಬ್ಬ ಬದುಕಿತು, ಭಾಷೆ ಬದುಕಲಿಲ್ಲ. ಇದನ್ನು ಕೇವಲ ಕಾಕತಾಳೀಯವೆಂದು ಬಿಡಲು ನನಗೆ ಮನಸ್ಸಿಲ್ಲ. ಎಳೆಯ ಮಕ್ಕಳ ತರಗತಿಯಲ್ಲಿ ‘ಸಂಸ್ಕೃತಿಯ ಆಚರಣೆ’ ಎಂಬ ಕ್ರಿಯೆಯನ್ನು ಒಂದು ಪಠ್ಯದಂತೆ ಓದುವುದು ಈ ಲೇಖನದ ಉದ್ದೇಶ. ಓದಬೇಕಾಗಿರುವುದು ಅಕ್ಕಲಕೋಟ ತಾಲೂಕಿನ ಹನ್ನೂರ, ನಾಗಣಸೂರ, ಕರಜಗಿಯಂಥ ಊರುಗಳಲ್ಲಿ ನಿಂತು.

ಹೋಲಿಕೆಗೆ ಆಧಾರವಿದೆ. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದ ತರುವಾಯ ಮೆಕ್ಸಿಕೊದ ಉತ್ತರಭಾಗವೇ ಅಮೆರಿಕದ್ದಾಯಿತು. ಅಲ್ಲಿನ ಜನ ಎಲ್ಲಿಗೂ ವಲಸೆ ಹೋಗಿರಲಿಲ್ಲ, ಗಡಿಯೇ ಅವರನ್ನು ದಾಟಿಹೋಗಿತ್ತು. ಅಕ್ಕಲಕೋಟ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. 1956ರ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಇಲ್ಲಿಯ ಕನ್ನಡಿಗರೂ ಮನೆ ಬದಲಿಸಿದವರಲ್ಲ. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿ ಸೇರಿದಾಗ ಅದು ಹೊರನಾಡಿಗೆ ಹೋಗಿಬಂದ ಪ್ರವಾಸವೆಂದು ಯಾರಿಗೂ ಅನ್ನಿಸಿರಲಾರದು.

ಆದರೆ ಹೋಲಿಕೆ ಒಂದು ಹಂತದಲ್ಲಿ ನಿಲ್ಲುತ್ತದೆ, ಅದನ್ನು ಹೇಳಿಯೇ ಮುಂದುವರಿಯಬೇಕು. ನಮ್ಮಲ್ಲಿ ಸಂವಿಧಾನದ 350ಎ ವಿಧಿಯಿದೆ. ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳಿವೆ. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿಯು ಮರಾಠಿಯ ಜೊತೆಗೆ ಕನ್ನಡ, ತೆಲುಗು, ಉರ್ದು, ಗುಜರಾತಿ, ಸಿಂಧಿ ಮೊದಲಾದ ಮಾಧ್ಯಮಗಳಿಗೂ ಪಠ್ಯಪುಸ್ತಕ ಅಚ್ಚು ಮಾಡುತ್ತದೆ. ಟೆಕ್ಸಾಸಿನಲ್ಲಿ ಬೆಳೆದ ಗ್ಲೋರಿಯಾ ಅನ್ಸಾಲ್ದುವಾ ಶಾಲೆಯ ಬಿಡುವಿನಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಪೆಟ್ಟು ತಿಂದುದನ್ನು ತನ್ನ ‘ಬಾರ್ಡರ್‌ಲ್ಯಾಂಡ್ಸ್’ (1987) ಕೃತಿಯಲ್ಲಿ ದಾಖಲಿಸಿದ್ದಾಳೆ. ನಾಗಣಸೂರದ ಕನ್ನಡ ಶಾಲೆಯ ಮಗುವಿಗೆ ಆ ಭಯವಿಲ್ಲ. ಅಲ್ಲಿ ಭಾಷೆಯನ್ನು ಹೊರಗಿಟ್ಟು ಸಂಸ್ಕೃತಿಯನ್ನು ಒಳಗೆ ಕರೆದರು. ನಮ್ಮಲ್ಲಿ ಭಾಷೆ ಒಳಗೇ ಇದೆ, ಒಳಗೆ ಬಂದಿರುವ ಸಂಸ್ಕೃತಿ ಯಾರದು ಎಂಬುದೇ ಪ್ರಶ್ನೆ.

ಮೊದಲು ಅಲ್ಲಿಯ ಆಚರಣೆಯನ್ನು ನೋಡೋಣ. ಬಣ್ಣದ ಕಾಗದ ಕತ್ತರಿಸಿ ಮಾಡಿದ ತೋರಣ, ಅಗಲ ಅಂಚಿನ ಟೊಪ್ಪಿಗೆ, ಕೋಲಿನಿಂದ ಹೊಡೆದು ಒಡೆಯುವ ಮಿಠಾಯಿ ತುಂಬಿದ ಪಿನ್ಯಾತಾ, ಒಂದು ಹಾಡು, ಒಂದು ತಿಂಡಿ, ಒಂದರಿಂದ ಹತ್ತರವರೆಗೆ ಸ್ಪ್ಯಾನಿಷ್ ಎಣಿಕೆ. ಶಿಶುಶಿಕ್ಷಣತಜ್ಞೆ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ 1989ರಲ್ಲಿಯೇ ಇದನ್ನು ‘ಪ್ರವಾಸಿ ಪಠ್ಯಕ್ರಮ’ ಎಂದು ಕರೆದರು. ಮಕ್ಕಳು ಒಂದು ದಿನ ಬೇರೆಯವರ ಊರಿಗೆ ಹೋಗಿಬರುತ್ತಾರೆ, ಮರುದಿನ ‘ಸಾಮಾನ್ಯ’ ತರಗತಿಗೆ ಮರಳುತ್ತಾರೆ. ಪ್ರವಾಸಿಯ ಕಣ್ಣಿಗೆ ವಿವರ ಬೇಕಿಲ್ಲ. ಮೇ 5ರ ಸಿಂಕೊ ದೆ ಮಾಯೊ 1862ರ ಪ್ವೆಬ್ಲಾ ಕದನದ ನೆನಪು. ಅದನ್ನು ಮೆಕ್ಸಿಕೊದ ಸ್ವಾತಂತ್ರ್ಯ ದಿನವೆಂದು ತಿಳಿಯುವುದು ಅಮೆರಿಕದಲ್ಲಿ ಬಹಳ ಸಾಮಾನ್ಯ. ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16, ಮಾಸಾಚರಣೆಯ ಒಳಗೇ ಬರುತ್ತದೆ.

‘ಹಿಸ್ಪಾನಿಕ್’ ಎಂಬ ಹೆಸರಿನೊಳಗೆ ಕ್ಯೂಬಾದವರು, ಪೋರ್ಟೊ ರಿಕೊದವರು, ಚಿಲಿಯವರು, ಮೆಕ್ಸಿಕೊದವರು ಎಲ್ಲರೂ ಇದ್ದಾರೆ. ಗ್ವಾಟೆಮಾಲಾದಿಂದ ಬಂದ, ಮನೆಯಲ್ಲಿ ಮಾಯಾ ಕುಲದ ಭಾಷೆಯೊಂದನ್ನು ಆಡುವ ಮಗುವೂ ಇದೆ. ಸ್ಪ್ಯಾನಿಷ್ ಅದರ ಪಾಲಿಗೆ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಆ ಮಗುವಿನ ತಲೆಯ ಮೇಲೆ ಮೆಕ್ಸಿಕೊದ ಟೊಪ್ಪಿಗೆ ಇಟ್ಟು ‘ಇದು ನಿನ್ನದು’ ಎಂದಾಗ ಅದಕ್ಕೆ ದೊರೆತದ್ದು ಗೌರವವೋ ಮತ್ತೊಂದು ಮರೆವೋ?

ಈ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮತ್ತ ತಿರುಗಿದರೆ ನೋಟ ಅಷ್ಟು ಹಿತವಾಗಿಲ್ಲ. ಹೊರನಾಡಿನ ಕನ್ನಡ ಸಂಘವಿರಲಿ, ಗಡಿಯ ಶಾಲೆಯಿರಲಿ, ‘ಕನ್ನಡ ಸಂಸ್ಕೃತಿ’ಯ ವೇದಿಕೆ ಕಟ್ಟಿದೊಡನೆ ಅಲ್ಲಿ ಕಾಣಿಸಿಕೊಳ್ಳುವುದು ಮೈಸೂರು ಪೇಟ, ಭುವನೇಶ್ವರಿಯ ಚಿತ್ರ, ಹಳದಿ-ಕೆಂಪು ಬಾವುಟ, ಯಕ್ಷಗಾನದ ಕಿರೀಟ, ಬಿಸಿಬೇಳೆ ಬಾತು. ಇವು ಕನ್ನಡದವೇ, ತಕರಾರಿಲ್ಲ. ಆದರೆ ಸಜ್ಜೆ ರೊಟ್ಟಿ ತಿಂದು ಬೆಳೆದ, ಅಜ್ಜನನ್ನು ‘ಮುತ್ಯಾ’ ಎಂದು ಕರೆಯುವ ಅಕ್ಕಲಕೋಟದ ಆರು ವರುಷದ ಮಗುವಿಗೆ ಪೇಟ ಎಷ್ಟು ಹತ್ತಿರದ್ದು? ಪಕ್ಕದ ಮರಾಠಿ ಮಗುವಿಗೆ ಎಷ್ಟು ಹತ್ತಿರವೋ ಅಷ್ಟೇ. ಕರ್ನಾಟಕವೆಂಬ ರಾಜ್ಯದ ಸಂಕೇತಗಳು ಕನ್ನಡವೆಂಬ ಭಾಷೆಯ ಸಂಕೇತಗಳಾಗಿ ಬದಲಾಗುವಾಗ ಗಡಿಯಾಚೆಯ ಕನ್ನಡಿಗನು ತನ್ನ ಭಾಷೆಯಲ್ಲಿಯೇ ಪ್ರವಾಸಿಯಾಗುತ್ತಾನೆ.

ನವೆಂಬರ್ 1ರ ತೊಡಕು ಇದರದೇ ಇನ್ನೊಂದು ಮುಖ. ಅದು ರಾಜ್ಯೋತ್ಸವ, ರಾಜ್ಯದ ಉತ್ಸವ. ಮಹಾರಾಷ್ಟ್ರದ ಶಾಲೆಯ ಅಧಿಕೃತ ರಾಜ್ಯದಿನ ಮೇ 1. ಫೆಬ್ರುವರಿ 27ರಂದು, ಕುಸುಮಾಗ್ರಜರ ಜನ್ಮದಿನದಂದು, ಮರಾಠಿ ಭಾಷಾ ಗೌರವ ದಿನವನ್ನು ಶಾಲೆಗಳು ಆಚರಿಸುತ್ತವೆ. ಅದಕ್ಕೆ ಆರು ದಿನ ಮೊದಲು, ಫೆಬ್ರುವರಿ 21ರಂದು, ಯುನೆಸ್ಕೊ 1999ರಲ್ಲಿ ಗೊತ್ತುಪಡಿಸಿದ ಅಂತರರಾಷ್ಟ್ರೀಯ ತಾಯ್ನುಡಿ ದಿನ ಬರುತ್ತದೆ. ಯಾವ ರಾಜ್ಯದ ಹಂಗೂ ಇಲ್ಲದ ದಿನ ಅದು. ಗಡಿಯ ಕನ್ನಡ ಶಾಲೆಗೆ ನವೆಂಬರ್ 1ಕ್ಕಿಂತ ಈ ದಿನ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಹಿರಿಯರು ಬಹಳ ಮಂದಿ ಇದ್ದಾರೆಂಬುದೂ, ಅವರ ಭಾವನೆಯ ಹಿಂದೆ ಮಹಾಜನ ಆಯೋಗದ ವರದಿಯ ಕಾಲದಿಂದ ಬಂದ ನೋವಿದೆ ಎಂಬುದೂ ತಿಳಿದ ಮಾತೇ. ಆದರೆ ಆರು ವರುಷದ ಮಗುವಿನ ಹೆಗಲ ಮೇಲೆ ಆ ಹೊರೆಯನ್ನು ಇಡಬೇಕೆ?

ಆಚರಣೆಯ ಈ ಟೊಳ್ಳನ್ನು ಬಯಲಿಗಿಟ್ಟ ಸಣ್ಣ ಕೃತಿಯೊಂದಿದೆ. ಕ್ಯೂಬಾ ಮೂಲದ ಆಲ್ಮಾ ಫ್ಲೋರ್ ಆಡಾ ಮಕ್ಕಳಿಗಾಗಿ ಬರೆದ ‘ಮೈ ನೇಮ್ ಈಸ್ ಮರೀಯಾ ಇಸಬೆಲ್’ (1993). ಹೊಸ ಶಾಲೆಗೆ ಸೇರಿದ ಹುಡುಗಿಯ ಪೂರ್ತಿ ಹೆಸರು ಮರೀಯಾ ಇಸಬೆಲ್ ಸಲಸಾರ್ ಲೋಪೆಸ್. ಇಬ್ಬರು ಅಜ್ಜಿಯರ ಹೆಸರು ಅದರಲ್ಲಿ ಸೇರಿಕೊಂಡಿವೆ. ತರಗತಿಯಲ್ಲಿ ಆಗಲೇ ಬೇರೆ ಮರೀಯಾಗಳಿದ್ದಾರೆಂದು ಶಿಕ್ಷಕಿ ಇವಳನ್ನು ‘ಮೇರಿ’ ಎಂದು ಕರೆಯತೊಡಗುತ್ತಾರೆ. ಕರೆದದ್ದು ತನ್ನನ್ನೇ ಎಂದು ಹುಡುಗಿಗೆ ಹೊಳೆಯುವುದೇ ಇಲ್ಲ, ಹೀಗಾಗಿ ಚಳಿಗಾಲದ ಶಾಲಾ ಸಮಾರಂಭದಲ್ಲಿ ಅವಳಿಗೆ ಪಾತ್ರ ತಪ್ಪಿಹೋಗುತ್ತದೆ. ಆಡಾ ಎಲ್ಲಿಯೂ ದನಿ ಏರಿಸುವುದಿಲ್ಲ. ಶಿಕ್ಷಕಿ ಕೆಟ್ಟವರಲ್ಲ, ಶಾಲೆ ಕ್ರೂರವಲ್ಲ, ಸಮಾರಂಭವೂ ಚೆನ್ನಾಗಿಯೇ ನಡೆಯುತ್ತಿದೆ. ಕೊನೆಗೆ ತನ್ನ ಅತಿ ದೊಡ್ಡ ಆಸೆ ಏನೆಂದು ಪ್ರಬಂಧ ಬರೆಯಬೇಕಾದಾಗ ಹುಡುಗಿ ಬೇಡುವುದು ತನ್ನ ಹೆಸರನ್ನು. ಶಿಲ್ಪದ ದೃಷ್ಟಿಯಿಂದ ಇದು ದೊಡ್ಡ ಕೃತಿಯಲ್ಲ. ಮುಕ್ತಾಯ ಸ್ವಲ್ಪ ಸಲೀಸಾಗಿ ಒದಗುತ್ತದೆ, ಎಲ್ಲ ಶಿಕ್ಷಕಿಯರೂ ಒಂದು ಪ್ರಬಂಧ ಓದಿ ಬದಲಾಗುವುದಿಲ್ಲ. ಆದರೂ ತರಗತಿಯಲ್ಲಿ ಸಂಸ್ಕೃತಿಯ ನಿಜವಾದ ನೆಲೆ ವೇದಿಕೆಯಲ್ಲ, ಹಾಜರಿ ಪುಸ್ತಕ ಎಂಬುದನ್ನು ಇಷ್ಟು ಸರಳವಾಗಿ ಕಂಡ ಕೃತಿ ನನಗೆ ಬೇರೆ ಸಿಕ್ಕಿಲ್ಲ.

ಹಾಜರಿ ಪುಸ್ತಕ ನಮ್ಮಲ್ಲಿಯೂ ಇದೆ. ದೇವನಾಗರಿಯ ರೂಢಿಯ ಬರವಣಿಗೆಯಲ್ಲಿ ಹ್ರಸ್ವ ಎ, ಒಗಳಿಗೆ ಬೇರೆ ಗುರುತಿಲ್ಲ. ಕೆಂಚಪ್ಪ, ಹೊನ್ನವ್ವ ಎಂಬ ಹೆಸರುಗಳು ದಾಖಲೆಯಲ್ಲಿ ಇಳಿಯುವಾಗ ಮೊದಲಕ್ಷರ ದೀರ್ಘಕ್ಕೆ ವಾಲುತ್ತದೆ, ಕೊನೆಯ ಅಕಾರ ಆಕಾರವಾಗಿ ಎಳೆಯುತ್ತದೆ. ಮಗು ಬೆಳೆದು ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ ಆಧಾರ ಚೀಟಿಯಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಒಂದು, ಅವ್ವನ ಬಾಯಲ್ಲಿ ಇನ್ನೊಂದು ಹೆಸರು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಲಿಪಿಯ ಗುಣ ಅಷ್ಟೇ. ಕನ್ನಡ ಶಾಲೆಯ ಶಿಕ್ಷಕರು ಮಗುವಿನ ಹೆಸರನ್ನು ಮನೆಯಲ್ಲಿ ಕರೆಯುವಂತೆ ಕರೆದು, ಗೋಡೆಯ ಮೇಲೆ ಕನ್ನಡ ಮತ್ತು ದೇವನಾಗರಿ ಎರಡರಲ್ಲಿಯೂ ಬರೆಸಿ, ಎರಡರ ನಡುವಣ ಅಂತರವನ್ನು ಮಕ್ಕಳಿಗೇ ಹುಡುಕಲು ಬಿಟ್ಟರೆ ಅದು ಅತ್ಯುತ್ತಮ ಭಾಷಾಪಾಠ. ಎರಡು ಲಿಪಿ ಬಲ್ಲ ಮಗು ಒಂದೇ ಲಿಪಿಯ ಮಗುವಿಗಿಂತ ಬೇಗ ಇದನ್ನು ಕಾಣಬಲ್ಲದು.

ಹಾಗಾದರೆ ಹಬ್ಬವನ್ನು ತರಗತಿಯಿಂದ ಹೊರಗಿಡಬೇಕೆ? ಖಂಡಿತ ಇಲ್ಲ. ಆರಿಜೋನಾದ ಟೂಸಾನ್ ನಗರದಲ್ಲಿ ಲುಯಿಸ್ ಮೋಲ್ ಮತ್ತು ಸಂಗಡಿಗರು ಶಿಕ್ಷಕರನ್ನು ಮೆಕ್ಸಿಕನ್ ಕಾರ್ಮಿಕರ ಮನೆಗಳಿಗೆ ಕಳಿಸಿದರು. ಕಲಿಸಲು ಅಲ್ಲ, ಕೇಳಿ ತಿಳಿಯಲು. ಒಕ್ಕಲುತನ, ಕಟ್ಟಡದ ಕೆಲಸ, ಮನೆಮದ್ದು, ಲೆಕ್ಕಾಚಾರ ಎಲ್ಲವನ್ನೂ ಅವರು ‘ಜ್ಞಾನದ ನಿಧಿ’ ಎಂದು ಕರೆದು 1992ರಲ್ಲಿ ಬರೆದರು. ಅದೇ ಟೂಸಾನಿನ ಶಾಲೆಗಳಲ್ಲಿ ನಡೆಯುತ್ತಿದ್ದ ಮೆಕ್ಸಿಕನ್-ಅಮೆರಿಕನ್ ಅಧ್ಯಯನ ಕಾರ್ಯಕ್ರಮವನ್ನು 2010ರ ರಾಜ್ಯ ಕಾನೂನು ಗುರಿಯಾಗಿಸಿತು. ಆ ಕಾನೂನಿನ ಜಾರಿ ಸಂವಿಧಾನಬಾಹಿರವೆಂದು ನ್ಯಾಯಾಲಯ ಹೇಳಿದ್ದು 2017ರಲ್ಲಿ. ಟೊಪ್ಪಿಗೆ ಮತ್ತು ಪಿನ್ಯಾತಾಗಳನ್ನು ಯಾರೂ ನಿಷೇಧಿಸಲು ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಸಂಸ್ಕೃತಿ ಅಲಂಕಾರವಾಗಿರುವವರೆಗೆ ಅಧಿಕಾರಕ್ಕೆ ಅದು ಪ್ರಿಯ.

ಮೋಲ್ ಹೇಳಿದ ನಿಧಿ ನಮ್ಮಲ್ಲಿ ಎಲ್ಲಿದೆ ಎಂದು ಕೇಳಿದರೆ ನನ್ನ ಉತ್ತರ ಎಳ್ಳಮಾಸಿ. ಮಾರ್ಗಶಿರದ ಅಮಾವಾಸ್ಯೆಯಂದು ಸೊಲ್ಲಾಪುರ, ಲಾತೂರ, ಕಲಬುರಗಿ, ಬೀದರ ಸೀಮೆಯ ಒಕ್ಕಲುಮನೆಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಹಿಂಗಾರಿ ಜೋಳ ಎದೆಮಟ್ಟಕ್ಕೆ ಬಂದಿರುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲನ್ನು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲಿ, ಬಂದವರೆಲ್ಲ ಕೂಡಿ ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಕಡಬು, ಹಲವು ಕಾಯಿಪಲ್ಯ ಕೂಡಿಸಿದ ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ. ಮರಾಠಿಯಲ್ಲಿ ಈ ದಿನದ ಹೆಸರು ‘ವೇಳ ಅಮಾವಾಸ್ಯಾ’. ಕನ್ನಡದ ಎಳ್ಳಮಾಸಿಯೇ ಮರಾಠಿ ಬಾಯಲ್ಲಿ ಹೀಗಾಗಿದೆ ಎಂದು ಆ ಸೀಮೆಯ ಮರಾಠಿ ಬರಹಗಾರರೇ ಹೇಳುತ್ತಾರೆ. ಚರಗ ಚೆಲ್ಲುವಾಗ ಮರಾಠಿ ರೈತರು ಕೂಗುವ ಕೂಗಿನಲ್ಲಿಯೂ ಅರ್ಥ ಮರೆತ ಕನ್ನಡದ ಪದಗಳು ಉಳಿದಿವೆ. ತುಪ್ಪ ‘ತೂಪ’ವಾದ, ಅಡಕೊತ್ತು ‘ಅಡಕಿತ್ತಾ’ ಆದ ನೆಲ ಇದು. ಶಂ. ಬಾ. ಜೋಶಿಯವರಿಗೆ ಈ ನೆಲದಡಿಯ ನಂಟು ಗೊತ್ತಿತ್ತು, ಅದನ್ನು ಅವರು ಎರಡೂ ಭಾಷೆಗಳಲ್ಲಿ ಬರೆದರು.

ಈ ಹಬ್ಬವನ್ನು ಪ್ರವಾಸಿಯಂತೆ ತರಗತಿಗೆ ತರಬಹುದು. ಥರ್ಮೊಕೋಲಿನ ಎತ್ತು, ಹಸಿರು ಕಾಗದದ ಜೋಳ, ಧೋತರ ಉಟ್ಟ ಹುಡುಗ, ಇಳಕಲ್ಲ ಸೀರೆಯ ಹುಡುಗಿ, ಒಂದು ಫೋಟೊ. ಬೇರೆ ರೀತಿಯಲ್ಲಿಯೂ ತರಬಹುದು. ಒಬ್ಬ ಆಯಿಯನ್ನು ಕರೆದು ಅವಳ ಮುಂದೆ ಮಕ್ಕಳನ್ನು ಕೂಡಿಸಿದರೆ ಮೊದಲು ಸಿಗುವುದು ಕ್ರಿಯಾಪದಗಳು. ಕೇರುವುದು, ಹಸನು ಮಾಡುವುದು, ಬೀಸುವುದು, ನಾದುವುದು, ಬಡಿಯುವುದು. ಮಾಲದಂಡಿ ಜೋಳಕ್ಕೂ ಬೇರೆ ಜೋಳಕ್ಕೂ ಹಿಟ್ಟಿನ ಜಿಗುಟಿನಲ್ಲಿ ಏನು ಅಂತರ, ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವುದು ಏಕೆ, ಬುತ್ತಿಗೆ ಎಷ್ಟು ರೊಟ್ಟಿ ಬೇಕೆಂದು ಅವಳು ಹೇಗೆ ಲೆಕ್ಕ ಹಾಕುತ್ತಾಳೆ. ಇಲ್ಲಿ ವಿಜ್ಞಾನವಿದೆ, ಗಣಿತವಿದೆ, ವ್ಯಾಕರಣವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಕ್ಷರ ಬಾರದ ಒಬ್ಬ ಹೆಂಗಸು ಶಾಲೆಯ ಕುರ್ಚಿಯಲ್ಲಿ ಬಲ್ಲವಳಾಗಿ ಕುಳಿತದ್ದನ್ನು ಅವಳ ಮೊಮ್ಮಗು ನೋಡುತ್ತದೆ. ಅವಳ ಮಾತು ಪಠ್ಯಪುಸ್ತಕದ ಕನ್ನಡವಲ್ಲ, ಸಾಲಿಗೊಂದು ಮರಾಠಿ ಪದ ಬರುತ್ತದೆ. ಬರಲಿ. ಮಕ್ಕಳ ಮಾತಿನಲ್ಲಿಯೂ ಪುಸ್ತಕ ಇಡುವುದು ‘ದಪ್ತರ’ದಲ್ಲಿ, ಬರೆಯುವುದು ‘ವಹಿ’ಯಲ್ಲಿ, ಶಾಲೆ ಬಿಟ್ಟರೆ ‘ಸೂಟಿ’.

ಇದಕ್ಕೆ ಶಿಕ್ಷಕರಿಂದ ಬರುವ ಆಕ್ಷೇಪ ಗಂಭೀರವಾದದ್ದು. ಮಕ್ಕಳು ಪುಸ್ತಕದ ಕನ್ನಡದಲ್ಲಿಯೇ ಹಿಂದುಳಿದಿರುವಾಗ, ಪಾಲಕರು ಇಂಗ್ಲಿಷ್ ಮಾಧ್ಯಮದತ್ತ ಹೊರಳುತ್ತಿರುವಾಗ, ಮನೆಮಾತನ್ನು ತರಗತಿಗೆ ತಂದರೆ ಇರುವ ನಾಲ್ಕು ಮಕ್ಕಳೂ ಹೋದಾರು ಎಂಬ ಭಯ. ಇದನ್ನು ಅಲ್ಲಗಳೆಯುವುದು ಸಂಶೋಧಕರಿಗೆ ಸುಲಭ, ಪಟಸಂಖ್ಯೆಯ ವರದಿ ಬರೆಯುವ ಮುಖ್ಯಾಧ್ಯಾಪಕರಿಗೆ ಅಲ್ಲ. ಆದರೆ ಪುಸ್ತಕದ ಕನ್ನಡಕ್ಕೆ ಹೋಗುವ ದಾರಿ ಮನೆಯ ಕನ್ನಡದ ಮೂಲಕವೇ ಹೊರತು ಅದನ್ನು ಬಳಸಿಕೊಂಡು ಹೋಗುವುದಲ್ಲ. ಇನ್ನೊಂದು ಮಾತು. ಕನ್ನಡ ತರಗತಿಯಲ್ಲಿ ಕುಳಿತವರೆಲ್ಲರ ಮನೆಮಾತು ಕನ್ನಡವೇ ಇರಬೇಕೆಂದಿಲ್ಲ. ತಾಂಡಾದಿಂದ ಬರುವ ಲಂಬಾಣಿ ಮಗುವಿರಬಹುದು, ಉರ್ದು ಆಡುವ ಮಗುವಿರಬಹುದು. ಅವರನ್ನು ‘ಕನ್ನಡ ಮಕ್ಕಳು’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಗ್ವಾಟೆಮಾಲಾದ ಮಗುವಿಗೆ ಅಮೆರಿಕ ಮಾಡಿದ್ದನ್ನೇ ನಾವು ಇಲ್ಲಿ ಮಾಡಿದಂತೆ. ಅಲ್ಪಸಂಖ್ಯಾತರ ಶಾಲೆಯೊಳಗೂ ಅಲ್ಪಸಂಖ್ಯಾತರು ಇರುತ್ತಾರೆ.

ಮಹನೀಯರ ಚಿತ್ರಪಟಗಳ ವಿಷಯ ಉಳಿದಿದೆ. ಜಯದೇವಿತಾಯಿ ಲಿಗಾಡೆ (1912–1986) ಅವರ ಹೆಸರಿಲ್ಲದ ಭಾಷಣ ಸೊಲ್ಲಾಪುರದ ಕನ್ನಡ ಸಭೆಗಳಲ್ಲಿ ಅಪರೂಪ. 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷೆ, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಎಂಬಲ್ಲಿಗೆ ಮಕ್ಕಳ ಟಿಪ್ಪಣಿ ಮುಗಿಯುತ್ತದೆ. ಆದರೆ ಸೊಲ್ಲಾಪುರದ ಮಗುವಿಗೆ ತಿಳಿಯಬೇಕಾದದ್ದು ಬೇರೆ. ತಾಯಿಯವರ ಶಾಲಾ ಕಲಿಕೆ ನಡೆದದ್ದು ಮರಾಠಿಯಲ್ಲಿ. ಕನ್ನಡದ ಓದುಬರಹವನ್ನು ಅವರು ತಾವಾಗಿ ದುಡಿದು ಗಳಿಸಿಕೊಂಡರು, ಮರಾಠಿಯಲ್ಲಿಯೂ ಬರೆದರು, ಕೊನೆಗೆ ತ್ರಿಪದಿಯಲ್ಲಿ ‘ಸಿದ್ಧರಾಮ ಪುರಾಣ’ವನ್ನು ರಚಿಸಿದರು. ಎರಡು ಭಾಷೆಗಳ ನಡುವೆ ಎಡವುವ ಮಗುವಿಗೆ ಇದು ಅಧ್ಯಕ್ಷಪದವಿಗಿಂತ ಹತ್ತಿರದ ಸುದ್ದಿ. ನ್ಯೂಯಾರ್ಕಿನಲ್ಲಿ ಇಂಥ ಹತ್ತಿರವನ್ನು ಕಟ್ಟಿದವಳು ಪೂರಾ ಬೆಲ್‌ಪ್ರೆ. ಅಲ್ಲಿಯ ಸಾರ್ವಜನಿಕ ಗ್ರಂಥಾಲಯದ ಮೊದಲ ಪೋರ್ಟೊ ರಿಕೊದ ಗ್ರಂಥಪಾಲಕಿಯಾಗಿ, ತನ್ನ ಅಜ್ಜಿ ಹೇಳಿದ ಕತೆಗಳು ಕಪಾಟಿನಲ್ಲಿ ಎಲ್ಲಿಯೂ ಇಲ್ಲವೆಂದು ಕಂಡು, ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಅವನ್ನು ಹೇಳತೊಡಗಿದಳು. ಜಿರಲೆ ಮತ್ತು ಇಲಿಯ ಮದುವೆಯ ಕತೆ 1932ರಲ್ಲಿ ಪುಸ್ತಕವಾಯಿತು. ಸಪ್ತಾಹವೂ ಇರಲಿಲ್ಲ, ಮಾಸಾಚರಣೆಯೂ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಹಾಗೆ ಹೇಳಬಹುದಾದ ಕತೆ ಸೊಲ್ಲಾಪುರದ ನಡುವೆಯೇ ಇದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳ ಹಿಂದೆ ನಡೆಯುವ ಮಕ್ಕಳಿಗೆ ಸಿದ್ಧರಾಮ ಎಂದರೆ ಗುಡಿ, ಕೆರೆ, ಮದ್ದು ಸುಡುವ ರಾತ್ರಿ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಅವನು ಮೊದಲು ಕಾಣಿಸುವುದು ಸರಿಯಾಗಿ ಮಾತೇ ಆಡದ, ಮಂದಬುದ್ಧಿಯವನೆಂದು ಮನೆಯವರು ಚಿಂತಿಸುತ್ತಿದ್ದ ಹುಡುಗನಾಗಿ. ಹೊಲದಲ್ಲಿದ್ದಾಗ ಜಂಗಮನ ರೂಪದಲ್ಲಿ ಬಂದ ಮಲ್ಲಯ್ಯ ಅವನಿಂದ ಎಳೆಯ ತೆನೆ ಬೇಡಿ ತಿನ್ನುತ್ತಾನೆ, ಆಮೇಲೆ ಉಣ್ಣಲು ಕೇಳುತ್ತಾನೆ. ಹುಡುಗ ಮನೆಗೆ ಓಡಿ ಅವ್ವನಿಂದ ಅನ್ನ ತರುವಷ್ಟರಲ್ಲಿ ಬಂದವನು ಇಲ್ಲ. ಕರೆದು ಅಳುತ್ತ ಅವನು ಶ್ರೀಶೈಲದ ದಾರಿ ಹಿಡಿಯುತ್ತಾನೆ. ಮಾತು ಬಾರದವನೆಂದು ಎಲ್ಲರೂ ತಿಳಿದಿದ್ದ ಮಗು ಅಂದು ಬಾಯಿತುಂಬ ಕೂಗುತ್ತದೆ. ಪಟಕ್ಕೆ ಹಾರ ಹಾಕುವ ದಿನ ಈ ಹುಡುಗ ತರಗತಿಗೆ ಬರುವುದಿಲ್ಲ. ಎಳ್ಳಮಾಸಿಗೂ ಸಂಕ್ರಾಂತಿಗೂ ನಡುವಣ ದಿನಗಳಲ್ಲಿ, ಅಕ್ಕಲಕೋಟದ ಹೊಲಗಳಲ್ಲಿ ಜೋಳ ಹಾಲುಗಾಳಾಗಿ ಸೀತನಿ ಸುಡುವ ಹೊತ್ತಿಗೆ, ಮಕ್ಕಳ ಕೈಯಲ್ಲಿಯೂ ಒಂದು ಎಳೆಯ ತೆನೆ ಇರುವಾಗ, ಅವರದೇ ಮಾತಿನಲ್ಲಿ ಈ ಕತೆಯನ್ನು ಹೇಳಬಹುದು. ಹೇಳಿ ಮುಗಿಸಿದ ಮೇಲೆ, ತರಗತಿಯಲ್ಲಿ ಎಂದೂ ಬಾಯಿ ತೆರೆಯದ ಮಗುವಿನಿಂದಲೂ ಅದನ್ನು ಮತ್ತೆ ಹೇಳಿಸಬಹುದು.